ಎಂಜಿನ್ ತೊಂದರೆ ಇರೋ ಸ್ನೋಮೊಬೈಲ್ ತಗೋಬೇಕಾ?

ಅಲ್ಲ ರಾಯರೇ, ಒಂದೂವರೆ ಸಾವಿರ ಡಾಲರಿಗೆ ಸ್ನೋಮೊಬೈಲ್ ಸಿಗುತ್ತೆ ಅಂತ ಜೋರಾಗಿ ಹೇಳಿ, ‘ಎಂಜಿನ್ ಸ್ವಲ್ಪ ತೊಂದರೆ ಕೊಡುತ್ತಂತೆ’ ಅನ್ನೋದನ್ನ ಮೆಲ್ಲಗೆ ಸೇರಿಸಿದ್ರಲ್ಲ, ನಾವು ಮಾತಾಡಬೇಕಾಗಿರೋದೇ ಅದನ್ನ. ಬನ್ನಿ, ಬೇಲಿ ಹತ್ತಿರ ಬನ್ನಿ, ಎಲೆ ಆಮೇಲೆ ಗುಡಿಸೋಣ. ನಮ್ಮ ಡುಲೂತ್‌ನಲ್ಲಿ ಹಿಮ ಕೂರೋಕೆ ಇನ್ನೂ ದಿನ ಇದೆ.

ತಗೋಬೇಡಿ ಅಂತ ನಾನು ಹೇಳ್ತಿಲ್ಲ. ನೀವು ಮೈಸೂರಿನವರು, ಯೆಜ್ಡಿ ಓಡಿಸಿದವರು. 1996ರಲ್ಲಿ ಬಾಗಿಲು ಹಾಕೋ ತನಕ ಐಡಿಯಲ್ ಜಾವಾದವರು ಮಾಡ್ತಿದ್ದದ್ದು ಟೂ ಸ್ಟ್ರೋಕ್ ಎಂಜಿನ್; ನೀವು ನೋಡಿರೋ ಈ ಗಾಡಿಯದ್ದೂ ಅದೇ ಜಾತಿ, ಸಿಲಿಂಡರ್ ಮಾತ್ರ ಎರಡು. ಪೆಟ್ರೋಲಿನ ಜೊತೆ ಉರಿದುಹೋಗೋ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ದಿಕ್ಕು. ಬಂಕಿನಲ್ಲಿ ಆಯಿಲ್ ಕಮ್ಮಿ ಹಾಕಿದ್ರೆ ಎಂಜಿನ್ ಸೀಜ್ ಆಗ್ತಿದ್ದದ್ದು ನಿಮಗೆ ನಾನು ಹೇಳಬೇಕಾ!

ಕಾರ್ಬುರೇಟರ್ ಕ್ಲೀನ್ ಮಾಡಿದ್ರೆ ಸಾಕು ಅಂದನಂತೆ ಮಾರೋನು. ಇರಬಹುದು. ಇಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸಿರ್ತಾರೆ, ಬೇಸಿಗೆಯೆಲ್ಲಾ ಹಾಗೇ ನಿಂತ್ರೆ ಪೈಲಟ್ ಜೆಟ್ಟಿನ ಸಣ್ಣ ತೂತು ಅಂಟುಗಟ್ಟಿ ಮುಚ್ಚಿಹೋಗುತ್ತೆ. ಆದರೆ ಅರ್ಧ ದಿನದ ಕೆಲಸ ಮಾಡಿಸಿ ಒಳ್ಳೇ ರೇಟಿಗೆ ಮಾರಬಹುದಾಗಿದ್ದವನು ಯಾಕೆ ಮಾಡಿಸಲಿಲ್ಲ? ನನ್ನ ಭಯ ಇನ್ನೊಂದಿದೆ. ಜೆಟ್ ಕಟ್ಟಿದ್ದಾಗಲೂ ಗಾಡಿ ಓಡಿಸಿದ್ರೆ? ಚಳಿ ಗಾಳಿ ದಟ್ಟ, ಪೆಟ್ರೋಲ್ ಜಾಸ್ತಿ ಬೇಡುತ್ತೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದ ಸಿಲಿಂಡರಿನಲ್ಲಿ ಬಿಸಿ ಏರಿ ಏರಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗುತ್ತೆ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ ಇದ್ರೂ ಸರಿ, ಒಳಗೆ ಕರಗುತ್ತೆ.

ಅದಕ್ಕೇ ಫೋನ್ ಮಾಡಿ, ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಪ್ಪ ಅನ್ನಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ರೆ, ತಣ್ಣಗಿದ್ದಾಗ ಹತ್ತೋದಿಲ್ಲ ಅನ್ನೋದನ್ನ ಮುಚ್ಚಿಟ್ಟಿದ್ದಾನೆ ಅಂತ ನನಗೆ ಅನುಮಾನ ಬರುತ್ತೆ. ಆಮೇಲೆ ಪ್ಲಗ್ ಬಿಚ್ಚೋಣ. ತುದಿ ಕಂದುಬಣ್ಣ ಇದ್ರೆ ಸಮಾಧಾನ. ಬೆಳ್ಳಗೆ ಸುಟ್ಟಿದ್ರೆ, ಅದರ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಕಣ ಅಂಟಿದ್ರೆ, ಅದು ಪಿಸ್ಟನ್ನಿನದೇ ಲೋಹ. ಎಕ್ಸಾಸ್ಟ್ ಪೈಪ್ ಬಿಚ್ಚೋಕೆ ಒಪ್ಪಿದ್ರಂತೂ ಇನ್ನೂ ಒಳ್ಳೇದು. ಟಾರ್ಚ್ ಬಿಟ್ಟು, ಸ್ಟಾರ್ಟರ್ ಹಗ್ಗ ಮೆಲ್ಲಗೆ ಎಳೀತಾ ಆ ಕಿಂಡಿಯಲ್ಲಿ ನೋಡಿದ್ರೆ ಪಿಸ್ಟನ್ನಿನ ಪಕ್ಕ ಮೇಲೆ ಕೆಳಗೆ ಹೋಗೋದು ಕಣ್ಣಿಗೇ ಕಾಣುತ್ತೆ. ನುಣ್ಣಗಿರಬೇಕು. ಉದ್ದುದ್ದ ಗೀರು ಬಿದ್ದಿದ್ರೆ, ರಿಂಗ್ ಅಲ್ಲಲ್ಲಿ ಮೆತ್ತಿಕೊಂಡಿದ್ರೆ, ಒಂದು ಸಲ ಸೀಜ್ ಆಗಿದೆ ಅಂತಲೇ ಲೆಕ್ಕ.

ಕಂಪ್ರೆಷನ್ ಗೇಜ್ ನನ್ನ ಹತ್ತಿರ ಇದೆ, ತರ್ತೀನಿ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ಹಿಡಿದು, ಮುಳ್ಳು ಏರೋದು ನಿಲ್ಲೋ ತನಕ ಹಗ್ಗ ಎಳೀಬೇಕು. ಎಷ್ಟಿರಬೇಕು ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ. ಒಂದು ಸಿಲಿಂಡರ್ 120, ಇನ್ನೊಂದು 116 ತೋರಿಸಿದ್ರೆ ಚಿಂತೆಯಿಲ್ಲ. 120 ಮತ್ತು 85 ಬಂದ್ರೆ ಹಾಫ್ ಎಂಜಿನ್ ಕೆಲಸ, ಅಂದ್ರೆ ಪಿಸ್ಟನ್, ರಿಂಗ್ ಬದಲಿಸೋದು, ಕಟ್ಟಿಟ್ಟದ್ದು. ಹಾಫ್ ಎಂಜಿನ್ ಆದ್ರೆ ಹೆದರಬೇಡಿ, ಬೆಲೆಯಲ್ಲಿ ಇಳಿಸಿಕೊಂಡು ನಾವಿಬ್ಬರೇ ನಿಮ್ಮ ಗರಾಜಿನಲ್ಲಿ ಕೂತು ಮಾಡಬಹುದು. ಕ್ರ್ಯಾಂಕ್ ಬೇರಿಂಗೂ ಹೋಗಿದ್ರೆ ಮಾತ್ರ ಬಿಡಿ, ಗಾಡಿಗೆ ಕೊಟ್ಟಷ್ಟೇ ದುಡ್ಡು ಮತ್ತೆ ಕೇಳುತ್ತೆ.

ಇದೆಲ್ಲಕ್ಕಿಂತ ನಾನು ಒತ್ತಿ ಹೇಳೋದು ಒಂದೇ. ಹೊಸ ಪಿಸ್ಟನ್ ಹಾಕಿಸಿದೀನಿ ಅಂತ ಅವನು ಬಿಲ್ ತೋರಿಸಿದ್ರೂ ಮರುಳಾಗಬೇಡಿ. ಹಳೇದು ಯಾಕೆ ಸುಟ್ಟಿತು ಅಂತ ಕೇಳಿ. ಕಾರ್ಬುರೇಟರ್ ಹಿಂದಿನ ರಬ್ಬರ್ ಬೂಟ್ ಬಿರುಕುಬಿಟ್ಟಿತ್ತಾ, ಕ್ರ್ಯಾಂಕ್ ಸೀಲ್ ಗಾಳಿ ಎಳೀತಿತ್ತಾ, ಆಯಿಲ್ ಪಂಪ್ ಕಮ್ಮಿ ಬಿಡ್ತಿತ್ತಾ? ಕಾರಣ ಹೇಳಿ, ಸರಿಮಾಡಿದ್ದನ್ನ ತೋರಿಸಿದ್ರೆ ತಗೊಳ್ಳಿ. ‘ಗೊತ್ತಿಲ್ಲ, ಈಗ ಚೆನ್ನಾಗಿ ಓಡುತ್ತೆ’ ಅಂದ್ರೆ, ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತೆ.

ಇಷ್ಟೆಲ್ಲಾ ಯಾಕೆ ಕೊರೀತೀನಿ ಅಂದ್ರೆ, ನಿಮ್ಮ ಮಗನನ್ನ ಹಿಂದೆ ಕೂರಿಸ್ಕೊಂಡು ನಾರ್ತ್ ಶೋರ್ ಟ್ರೇಲಿಗೆ ಹೋಗ್ತೀನಿ ಅಂದ್ರಲ್ಲ. ಇಲ್ಲಿಂದ ಗ್ರ್ಯಾಂಡ್ ಮರೇ ತನಕ 146 ಮೈಲಿ, ಬಹುಪಾಲು ಕಾಡು. ಎಷ್ಟೋ ಕಡೆ ಫೋನ್ ಸಿಗ್ನಲ್ ಇರೋಲ್ಲ. ಸಂಜೆ ನಾಲ್ಕೂವರೆಗೆಲ್ಲಾ ಕತ್ತಲಾಗೋ ಡಿಸೆಂಬರಿನಲ್ಲಿ ಅಲ್ಲಿ ಎಂಜಿನ್ ಸೀಜ್ ಆದ್ರೆ, ಮಂಡಿಯುದ್ದ ಹಿಮದಲ್ಲಿ ಮಗುವನ್ನ ಎತ್ಕೊಂಡು ಎಲ್ಲಿಗೆ ನಡೀತೀರಿ? ಕ್ವಿಬೆಕ್‌ನ ವಾಲ್ಕೋರ್ಟ್‌ನಲ್ಲಿ ಬೊಂಬಾರ್ಡಿಯೇ ಅಂತ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ಬಂತು, ರಸ್ತೆಯೆಲ್ಲಾ ಹಿಮ, ಆಸ್ಪತ್ರೆಗೆ ಒಯ್ಯೋಕಾಗದೆ ಮಗು ಹೋಯಿತು. ಹಿಮದ ಮೇಲೆ ಓಡೋ ಗಾಡಿಗೆ ಅವರು ಮೊದಲೇ ಒದ್ದಾಡ್ತಿದ್ದರು, ಆಮೇಲಂತೂ ಹಟ ಹಿಡಿದರು. 1959ರಲ್ಲಿ ಸ್ಕೀ-ಡೂ ಬಂದದ್ದು ಅವರ ಕೈಯಿಂದಲೇ. ಮನುಷ್ಯರನ್ನ ದಡ ಮುಟ್ಟಿಸೋಕೆ ಅಂತ ಆ ತಂದೆ ಪಟ್ಟ ಪಾಡು ನೆನೆದರೆ, ನಂಬಿಕೆಯಿಲ್ಲದ ಎಂಜಿನ್ ಮೇಲೆ ಮಗುವನ್ನ ಕೂರಿಸೋಕೆ ನನಗೆ ಮನಸ್ಸೊಪ್ಪಲ್ಲ.

ಶನಿವಾರ ಬೆಳಿಗ್ಗೆ ಹೋಗೋಣ. ರಿಜಿಸ್ಟ್ರೇಷನ್ ಕಾರ್ಡ್ ತೆಗೆದಿಡೋಕೆ ಹೇಳಿ, ಚಾಸಿ ನಂಬರ್ ತಾಳೆ ನೋಡ್ತೀವಿ ಅಂತಾನೂ ಹೇಳಿ. ಟ್ರೇಲರ್ ಕಟ್ಕೊಂಡು ಬರಬೇಡಿ. ಕಟ್ಕೊಂಡು ಹೋದ್ರೆ ಖಾಲಿ ತರೋಕೆ ಮನಸ್ಸು ಬರೋಲ್ಲ. ಗೇಜ್ ಹಾಕೋಕೆ ಬಿಡಲ್ಲ ಅಂದ್ರೆ ಅಲ್ಲಿಗೆ ಮುಗೀತು, ಅವನಿಗೊಂದು ನಮಸ್ಕಾರ ಹೇಳಿ ವಾಪಸ್ ಬಂದುಬಿಡೋಣ.