ಮೈತುಂಬ ಮುಳ್ಳು, ಬಾಯ್ತುಂಬ ಒಳ್ಳೆ ಮಾತು

ವಿಜಯಪುರದ ಶಾಸ್ತ್ರಿ ಮಾರ್ಕೆಟ್ಟಿನ ಅಂಗಡಿಯೊಂದರ ಗಾಜಿನ ಬರಣಿಯಲ್ಲಿ ಮೇಲುಗಡೆಯೇ ಕುಳಿತಿದ್ದ ಬಿಳಿ ಕುಸುರೆಳ್ಳೊಂದು ಮಾತಿಗೆ ಸಿಕ್ಕಿತು. ಮೈಯೆಲ್ಲ ಮುಳ್ಳು. ಸಂಕ್ರಮಣದ ದಿನ ಇಡೀ ಜಿಲ್ಲೆಯ ಬಾಯಲ್ಲಿ ಒಳ್ಳೆ ಮಾತು ಬರಿಸುವ ಹುದ್ದೆಗೆ ಇಂಥವರನ್ನೇ ಯಾರು ನೇಮಿಸಿದರೋ!

ಹಬ್ಬದ ಶುಭಾಶಯಗಳು.

ಯಾವ ಹಬ್ಬದ್ದೋ ತಮ್ಮಾ? ಹ್ವಾದ ವರ್ಷದ ಬಾಕಿನೋ, ಈ ವರ್ಷದ ಮುಂಗಡನೋ?

ಯಾಕಿಷ್ಟು ಸಿಟ್ಟು?

ಮತ್ತೇನು? ದೀಪಾವಳಿ ಒಂದ್ ವರ್ಷ ಅಕ್ಟೋಬರದಾಗ ಬರ್ತೈತಿ, ಒಂದ್ ವರ್ಷ ನವೆಂಬರದಾಗ. ತಡ ಆತು ಅಂದ್ರ ನಂಬಬೌದು. ಸಂಕ್ರಮಣ ಹಂಗಲ್ಲ. ಜನವರಿ 14, ಭಾಳಂದ್ರ 15. ಗೋಳಗುಮ್ಮಟ ಇದ್ದಂಗ, ಇದ್ದಲ್ಲೇ ಇರ್ತೈತಿ. ಆದ್ರೂ ಭೋಗಿ ದಿನ ಸಜ್ಜಿ ರೊಟ್ಟಿ, ಎಣಗಾಯಿ ಹೊಡದು ಕೈ ತೊಳಕೊಂಡ ಮ್ಯಾಲ, 'ಅಯ್ಯ, ನಾಳೆನ ಸಂಕ್ರಮಣ ಅಲ್ಲೇನು!' ಅಂತ ಹೌಹಾರ್ತೀರಿ.

ಹಿಂದೆ ಶುಭಾಶಯ ಕಳಿಸುವ ತಯಾರಿ ಹೇಗಿರುತ್ತಿತ್ತು?

ಮೊದಲ ನನ್ನ ತಯಾರಿ ಕೇಳು. ಸಕ್ಕರಿ ಪಾಕಕ್ಕ ಹಾಲು ಹನಿಸಿ ಹೊಲಸು ತಗೀಬೇಕು, ಸೋಸಬೇಕು. ಕೆಂಡದ ಮ್ಯಾಲ ಪರಾತ, ಪರಾತದಾಗ ಎಳ್ಳು. ಚಮಚೆ ಚಮಚೆ ಪಾಕ ಬಿಡ್ಕೋತ ಬೆರಳಲೆ ಆಡಿಸಬೇಕು. ಅವಸರ ಮಾಡಿ ಒಮ್ಮೆಲೆ ಸುರುವಿದ್ರ ಎಲ್ಲಾ ಕೂಡಿ ಗಂಟು. ಚಳಿ ಬೇಕು, ನಸುಕು ಬೇಕು. ಮೋಡ ಆದ್ರ ಮುಳ್ಳು ಏಳೂದಿಲ್ಲ. ದಿನಾ ಇಷ್ಟಿಷ್ಟು ಮಾಡ್ಕೋತ ಹೋಗಬೇಕು. ಹಂಗಾಗಿ ಧನುರ್ಮಾಸ ಹತ್ತಿದ ಕೂಡಲೇ ಮನ್ಯಾಗ ಒಲಿ ಹೂಡ್ತಿದ್ರು.

ಒಲಿ ಮುಂದ ಕುಂತಾಗ ಕೈಗೆ ಕೆಲಸ, ಬಾಯಿ ಖಾಲಿ. ಯಾರ್ಯಾರಿಗೆ ಟಪಾಲ ಹಾಕೂದು ಅನ್ನೂ ಮಾತು ಅಲ್ಲೇ ಆಗ್ತಿತ್ತು. ವಿಳಾಸದ ವಹಿ ತೆಗೀತಿದ್ರು. ತೀರಿಕೊಂಡವರ ಹೆಸರಿನ ಮ್ಯಾಲ ಗೀಟು. ಸೋಲಾಪುರದ ಅತ್ತಿಗಿ ಹೆಸರು ಬಂದ ಕೂಡಲೇ ಎಲ್ಲಾರೂ ಗಪ್‌ಚಿಪ್! ಲಗ್ನದಾಗ ಸೀರಿ ಸಂಬಂಧ ಮಾತು ಬಿಟ್ಟಾಕಿ. ಹಾಕೂದೋ ಬ್ಯಾಡೋ? ನನ್ನ ಮುಳ್ಳು ಏಳೂದ್ರಾಗ ಆಕಿ ಮ್ಯಾಗಿನ ಸಿಟ್ಟು ಇಳೀತಿತ್ತು. ಈಗೇನೈತಿ? 13ನೇ ತಾರೀಖು ರಾತ್ರಿ ನೆನಪಾದ್ರ ಸಿಟ್ಟು ಇಳೀಲಿಕ್ಕೆ ವೇಳ್ಯಾ ಎಲ್ಲೈತಿ?

ಅಂಚೆಯ ಪ್ರಯಾಣ?

ಗ್ರೀಟಿಂಗ್ ಕಾರ್ಡಿನ ಮಡಿಕ್ಯಾಗ ಸಣ್ಣ ಪಾಕೀಟು, ಪಾಕೀಟಿನ್ಯಾಗ ನಾವು ನಾಕೈದು ಮಂದಿ. ತಿಕೋಟಾದ ಡಬ್ಬಿಗೆ ಬೀಳೂತನಕ ಆರಾಮ. ಆಮ್ಯಾಲ ತಿಕೀಟಿನ ಮ್ಯಾಲ ಮುದ್ರಿ, ಠಪ್! ಅಲ್ಲೇ ಅರ್ಧ ಮಂದಿ ಪುಡಿ. ಪುಣೆ ಮುಟ್ಟೂದ್ರಾಗ ಉಳದವರೂ ಸಕ್ಕರಿ. ಅದನ್ನ ಬೆರಳಿಗೆ ಹಚ್ಚಿ ನೆಕ್ಕಿ, 'ಊರಿಂದ ಬಂದೈತಿ' ಅಂತಿದ್ರು. ಒಬ್ಬರೂ ದೂರು ಕೊಡಲಿಲ್ಲ.

ಈಗ ವಿಳಾಸಗಳೂ ಬದಲಾದವಲ್ಲ?

ನೆವ! ಜಿಲ್ಲಾದ ಹೆಸರು 2014ರ ನವೆಂಬರ್ 1ಕ್ಕ ವಿಜಯಪುರ ಆತು. ತಿಕೋಟಾ, ಬಬಲೇಶ್ವರ ತಮ್ಮ ತಮ್ಮ ತಾಲೂಕು ಆದುವು. ವಹಿಯೊಳಗ ಇನ್ನೂ 'ತಾ. ಜಿ. ವಿಜಾಪುರ' ಅಂತನ ಐತಿ. ಇರಲಿ ಬಿಡು, ಟಪಾಲ ಮುಟ್ಟತೈತಿ. ಪಿನ್ ಕೋಡ್ ಅಂಬೂದು 1972ರಿಂದ ಐತಿ. ನಿಮಗ ನೆನಪಿಲ್ಲದ್ದು ಆ ಆರು ಅಂಕಿ. ದೋಷ ಮಾತ್ರ ಸರ್ಕಾರಕ್ಕ.

ಆದರೆ ಅಂಚೆಯೇ ಸೊರಗಿದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು.

ರಿಜಿಸ್ಟರ್ ಮಾಡಿ ಕಳಸಾಕ ನಾ ಏನು ವಕೀಲರ ನೋಟಿಸೇನು? ಈ ಊರಿನ ಟಪಾಲ ಎಂಥೆಂಥಾವರನ್ನ ನೋಡೈತಿ. ಇಲ್ಲಿ ಒಂದು ಮಸೂತಿಯೊಳಗ ಇಂಗ್ರೇಜರು ಪೋಸ್ಟ್ ಆಫೀಸ್ ಇಟ್ಟಿದ್ರು. ಅದನ್ನ ಕೆಡವಿಸಿದ್ದು ವೈಸರಾಯ್ ಕರ್ಜನ್. 1904ರಾಗ ತಾನ ಭಾಷಣದಾಗ ಹೇಳ್ಕೊಂಡಾನ. ಮಸೂತಿ ಉಳೀತು, ಟಪಾಲೂ ನಿಂದ್ರಲಿಲ್ಲ. ಕರ್ಜನ್‌ಗೆ ಜಗ್ಗದ್ದು ನಿಮ್ಮ ಮೈಗಳ್ಳತನಕ್ಕ ಜಗ್ಗೈತಿ. ಪೋಸ್ಟ್ ಕಾರ್ಡ್ 50 ಪೈಸಾ. ಹೆಚ್ಚಾತು ಅಂತೀಯಾ?

ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಚಿತ್ರವನ್ನೇ ಕಳಿಸುತ್ತೇವಲ್ಲ?

ನೋಡೀನಿ. ಕಬ್ಬು, ಗಾಳಿಪಟ, ಪೊಂಗಲ್ ಗಡಿಗಿ, ಮೂಲ್ಯಾಗ ನಾನು. ವಿಜಾಪುರದಾಗ ಪೊಂಗಲ್ ಗಡಿಗಿ ಯಾರ ಮನ್ಯಾಗ ಉಕ್ಕತೈತೋ ಸಿದ್ಧೇಶ್ವರನ ಬಲ್ಲ! ಅತ್ತಿಗಿಗೂ ಅದೇ, ಸಾಲಾ ಕೊಟ್ಟಾವಗೂ ಅದೇ, ಗ್ಯಾಸ್ ಏಜೆನ್ಸಿಗೂ ಅದೇ. ಸಿದ್ಧೇಶ್ವರನ ಜಾತ್ರ್ಯಾಗ ನಂದಿಕೋಲು ಹೊರಾವರು ಅದಕ್ಕಂತ ಎಷ್ಟು ದಿನ ಮೊದಲ ಮೈ ಮನಸು ಸಜ್ಜ ಮಾಡ್ಕೋತಾರ! ನಿಮಗ ಒಂದು ಲಕೋಟಿ ಹೊತ್ತು ಡಬ್ಬಿತನಕ ಹೋಗಾಕ ಆಗೂದಿಲ್ಲ.

ಈ ವರ್ಷ ತಡವಾದವರಿಗೆ ಏನಾದರೂ ದಾರಿ?

ಹಿರ್ಯಾರು ನಿಮ್ಮನ್ನ ಮೊದಲ ಓದಿ ಬಿಟ್ಟಾರ. ಅದಕ್ಕ ಕುಸುರೆಳ್ಳು ಹಂಚಾಕ ರಥಸಪ್ತಮಿತನಕ ವಾಯಿದೆ ಇಟ್ಟಾರ. ಆದ್ರ ಆ ವಾಯಿದೆದಾಗೂ ನೀವು ಮಾಡೂದೇನು? 'ಅವರದು ಬರಲಿ, ಆಮ್ಯಾಲ ನಾವು ಹಾಕೂಣು' ಅಂತ ಕೂಡ್ತೀರಿ. ಬಬಲೇಶ್ವರದಾಗೂ ಅದ ಮಾತು, ತಿಕೋಟಾದಾಗೂ ಅದ ಮಾತು. ನಡುವ ಟಪಾಲಿನವ ಖಾಲಿ ಚೀಲ ಹೊತ್ತು ತಿರಗ್ತಾನ. ಅದಿರಲಿ, ಈ ಸಂದರ್ಶನ ಅಚ್ಚಾಗೂದು ಯಾವಾಗ?

ಯುಗಾದಿ ವಿಶೇಷಾಂಕದಲ್ಲಿ.

ಹಂಗಾರ ಬೇವಿನ ಗಿಡಕ್ಕ ಹೋಗಬೇಕಿತ್ತಲ್ಲೋ, ನನ್ನ ಕಡೆ ಯಾಕ ಬಂದಿ?