ನಂಗೂ ಇರಲಿ, ನಮ್ಮಪ್ಪಂಗೂ ಇರಲಿ

ಮಂಗಳವಾರ ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಮೇಲ್ ತೆರೆದರೆ ನೆತ್ತಿಯ ಮೇಲೆ ಕೆಂಪು ಪಟ್ಟಿ. 15 ಜಿಬಿಯೂ ಭರ್ತಿ. ಇನ್ನು ಈ ವಿಳಾಸದಿಂದ ಪತ್ರ ಹೋಗುವುದೂ ಇಲ್ಲ, ಇಲ್ಲಿಗೆ ಬರುವುದೂ ಇಲ್ಲ. ನನ್ನ ಎದೆ ಧಸಕ್ಕೆಂದಿತು.

“ಏನಾಯ್ತು?” ಅಂದಳು ಹೆಂಡತಿ, ಒಗ್ಗರಣೆಗೆ ಕರಿಬೇವು ಬಿಡಿಸುತ್ತ.

“ಡಬ್ಬಿ ತುಂಬಿಹೋಗಿದೆ ಕಣೇ. ನನ್ನ ಲೇಖನ ಆಯ್ಕೆಯಾಯ್ತು ಅಂತ ಸಂಪಾದಕರು ಬರೆದರೆ ಅದು ಬಂದು ಕೂರೋದಕ್ಕೆ ಜಾಗವೇ ಇಲ್ಲ.”

“ಇಷ್ಟು ವರ್ಷ ಜಾಗ ಇತ್ತಲ್ಲ, ಬಂತಾ?”

ಕರಿಬೇವು ಎಣ್ಣೆಗೆ ಬಿದ್ದು ಚಟಪಟ ಅಂದಿತು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹಜಾರಕ್ಕೆ ಬಂದೆ.

ನಾನೇನು ಹುಟ್ಟಿನಿಂದ ಹೀಗಿರಲಿಲ್ಲ. 2001ರಲ್ಲಿ ಮೈಸೂರಿನ ಸೈಬರ್ ಕೆಫೆಯೊಂದರಲ್ಲಿ ಗಂಟೆಗೆ 30 ರೂಪಾಯಿ ತೆತ್ತು ಹಾಟ್‌ಮೇಲ್ ನೋಡುತ್ತಿದ್ದ ಕಾಲದಲ್ಲಿ ನನ್ನಷ್ಟು ಶಿಸ್ತಿನ ಮನುಷ್ಯ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತನ್ನ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಶುರು ಮಾಡಿದ ಆ ಡಬ್ಬಿಯಲ್ಲಿ ಆಗ ಇದ್ದ ಜಾಗ ಬರೀ 2 ಎಂಬಿ. ನ್ಯೂಜೆರ್ಸಿಯಲ್ಲಿದ್ದ ಸೋದರತ್ತೆಯ ಮಗ ಹಿಮದಲ್ಲಿ ನಿಂತು ತೆಗೆಸಿಕೊಂಡ ನಾಲ್ಕು ಫೋಟೊ ಕಳಿಸಿದರೆ ಸಾಕು, ಬಾಗಿಲು ಹಾಕಿಕೊಂಡ ಹಾಗೇ. ಫೋಟೊ ನೋಡುವುದು, “ತುಂಬಾ ಚೆನ್ನಾಗಿದೆ, ಸ್ವೆಟರ್ ಹಾಕ್ಕೋ” ಎಂದು ಬರೆಯುವುದು, ತಕ್ಷಣ ಅಳಿಸುವುದು. ಊಟವಾದ ಎಲೆ ಎತ್ತಿದಷ್ಟು ಸಲೀಸು.

ನನ್ನನ್ನು ಕೆಡಿಸಿದ್ದು ಔದಾರ್ಯ. 2004ರ ಏಪ್ರಿಲ್ 1ರಂದು ಜಿಮೇಲ್ ಬಂತು, ಒಂದು ಜಿಬಿ ಜಾಗದೊಂದಿಗೆ. ಹಾಟ್‌ಮೇಲ್ ಕೊಡುತ್ತಿದ್ದುದರ ಸುಮಾರು ಐನೂರು ಪಟ್ಟು! ತಾರೀಖು ನೋಡಿ ಏಪ್ರಿಲ್ ಫೂಲ್ ಎಂದುಕೊಂಡವರೇ ಬಹಳ. ಒಳಗೆ ಹೋಗಲು ಈಗಾಗಲೇ ಒಳಗಿದ್ದವರ ಆಹ್ವಾನ ಬೇಕಿತ್ತು. ಷಡ್ಡಕನ ಕೈಕಾಲು ಹಿಡಿದು ನಾನೂ ಒಂದು ಗಿಟ್ಟಿಸಿದೆ. ಆಗ ಅಲ್ಲಿ ಅಳಿಸುವ ಗುಂಡಿ ಕೂಡ ಎದುರಿಗೆ ಇರಲಿಲ್ಲ, ಮೆನುವಿನೊಳಗೆ ಅವಿತಿತ್ತು. ಇಷ್ಟು ಜಾಗ ಇರುವಾಗ ಅಳಿಸುವ ದರ್ದೇನು ಎಂಬ ಧೋರಣೆ. ನನಗೆ ನನ್ನ ಮನಸ್ಸನ್ನು ಬಲ್ಲವರು ಕೊನೆಗೂ ಸಿಕ್ಕಿದರು ಅನ್ನಿಸಿತು.

ಪುಕ್ಕಟೆ ಸಿಕ್ಕರೆ ನಂಗೂ ಇರಲಿ, ನಮ್ಮಪ್ಪಂಗೂ ಇರಲಿ ಅನ್ನುತ್ತಾರಲ್ಲ, ಆ ಗಾದೆಯನ್ನು ನಾನು ಅಕ್ಷರಶಃ ಪಾಲಿಸಿದೆ. ನನಗೂ ಆಹ್ವಾನ ಹಂಚುವ ಯೋಗ್ಯತೆ ಬಂದ ದಿನ ಅಪ್ಪನ ಹೆಸರಿನಲ್ಲೂ ಒಂದು ಖಾತೆ ತೆರೆದೆ. ಅವರು ಒಮ್ಮೆಯೂ ಅದರ ಕಡೆ ತಿರುಗಿ ನೋಡಲಿಲ್ಲ. ನಮ್ಮ ವಂಶದಲ್ಲೇ ಅತ್ಯಂತ ಚೊಕ್ಕಟವಾದ ಡಬ್ಬಿ ಅದು.

ಸರಿ, ಈ ಕೆಂಪು ಪಟ್ಟಿಗೆ ಕಾರಣ ಯಾರು? ಸ್ಪ್ಯಾಮ್, ಇನ್ಯಾರು! 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿ ಈ ಚಾಳಿಗೆ ಓಂಕಾರ ಹಾಕಿದನಂತೆ. ಇವತ್ತಿಗೆ ನನ್ನ ಸ್ಪ್ಯಾಮ್ ಫೋಲ್ಡರ್ ಒಂದು ಜಾತ್ರೆ. ಬೋಳುತಲೆಗೆ ಎಣ್ಣೆ, ಕೇಳದ ಸಾಲ, ಆಡದ ಲಾಟರಿ. ವಿದೇಶದ ವಿಧವೆಯೊಬ್ಬಳು ಕೋಟ್ಯಂತರ ಡಾಲರ್ ಇಟ್ಟುಕೊಂಡು, ಭೂಮಂಡಲದಲ್ಲೆಲ್ಲ ಹುಡುಕಿ, ಕುವೆಂಪುನಗರದ ನನ್ನನ್ನೇ ನಂಬಿದ್ದಾಳೆ. ಇಂಥ ವಂಚನೆಗೆ ನೈಜೀರಿಯಾದ ದಂಡಸಂಹಿತೆಯ ಕಲಮಿನಿಂದ 419 ಎಂದೇ ಹೆಸರು. ನಮ್ಮ 420ಕ್ಕಿಂತ ಒಂದೇ ಒಂದು ಕಡಿಮೆ. ಪಕ್ಕದ ಮನೆಯವರೇ ಅನ್ನಿ. ನಾವೀಗ 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದನ್ನು 318 ಮಾಡಿದ್ದೇವೆ. ಆದರೆ “ಅವನೊಬ್ಬ ತ್ರೀ ಎಯ್ಟೀನ್” ಎಂದು ಬೈದರೆ ಬೈದ ಹಾಗೇ ಆಗುವುದಿಲ್ಲ.

“ಅಪ್ಪಾ, ಸ್ಪ್ಯಾಮ್ ಮೇಲೆ ಯಾಕೆ ಹಾಕ್ತೀಯ?” ಅಂದಳು ಮಗಳು, ಹಲ್ಲುಜ್ಜುತ್ತ ಬಂದು ಇಣುಕಿ. “ಅದು ಮೂವತ್ತು ದಿನಕ್ಕೆ ತಾನಾಗೇ ಅಳಿಸಿಹೋಗತ್ತೆ. ನಮ್ಮನೆಗೆ ಬರೋ ನೆಂಟರಿಗಿಂತ ವಾಸಿ.”

ಹಾಗಾದರೆ ಬೀಡುಬಿಟ್ಟವರು ಯಾರು? ಅವಳೇ ಬಿಡಿಸಿ ಹೇಳಿದಳು. ಈ 15 ಜಿಬಿ ಬರೀ ಮೇಲ್‌ಗಲ್ಲ. 2013ರಿಂದ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಒಂದೇ ಮನೆ, ಒಂದೇ ಅಡುಗೆ. ಕಿರಿಯವನಾದ ಫೋಟೊಗೆ ಮೊದಲು ಊಟ ಲೆಕ್ಕಕ್ಕಿರಲಿಲ್ಲ. 2021ರ ಜೂನ್ 1ರಿಂದ ಅವನ ತುತ್ತೂ ಎಣಿಕೆಗೆ ಬಿತ್ತು. ಅವತ್ತಿನಿಂದ ನನ್ನ ಫೋನು ಸೆರೆಹಿಡಿದ ಪ್ರತಿ ಮಸಾಲೆದೋಸೆಯೂ ನನ್ನ ಲೇಖನಕ್ಕೆ ಬರಬೇಕಿದ್ದ ಉತ್ತರದ ಜಾಗವನ್ನು ತಿನ್ನುತ್ತ ಬಂದಿದೆ.

“ಮೇಲ್‌ನಲ್ಲೂ ದೊಡ್ಡ ಕುಳಗಳು ಇರ್ತಾವೆ, ತಾಳು” ಎಂದು ಮಗಳು ಬ್ರಶ್ ಬಾಯಲ್ಲೇ ಇಟ್ಟುಕೊಂಡು ಹುಡುಕುವ ಜಾಗದಲ್ಲಿ ‘ಲಾರ್ಜರ್: 10ಎಂ’ ಎಂದು ಟೈಪಿಸಿದಳು. ಹತ್ತು ಎಂಬಿಗಿಂತ ದಪ್ಪನೆಯ ಪತ್ರಗಳೆಲ್ಲ ಸಾಲಾಗಿ ಬಂದು ನಿಂತವು. ಕಳಿಸಿದವರ ಹೆಸರಿನ ಕಡೆ ಎಲ್ಲ ಒಂದೇ ಪದ: ‘ನಾನು’.

ನಮ್ಮ ಗೃಹಪ್ರವೇಶದ ಫೋಟೊಗಳು. ಹಸುವನ್ನು ಒಳಗೆ ಕರೆತಂದಿದ್ದು, ಹಸು ಹೊಸ ನೆಲದ ಮೇಲೆ ಮಾಡಿದ್ದು, ಅದನ್ನು ಶುಭವೆಂದು ಎಲ್ಲರೂ ಸಂತೋಷಪಟ್ಟಿದ್ದು. ಎಲ್ಲರಿಗೂ ಒಟ್ಟಿಗೆ ಕಳಿಸಿದರೆ ಮರ್ಯಾದೆಯಲ್ಲ ಎಂದು ಹದಿನಾಲ್ಕು ನೆಂಟರಿಗೆ ಹದಿನಾಲ್ಕು ಸಲ, ಬೇರೆ ಬೇರೆಯಾಗಿ ಕಳಿಸಿದ್ದೆ. ಒಂದೊಂದು ಸಲವೂ ಒಂದೊಂದು ಪ್ರತಿ ನನ್ನ ಕಡೆಯೇ ಉಳಿದಿತ್ತು. ಸಾಲದ್ದಕ್ಕೆ ಲಗತ್ತು ಎಂಬುದು ಮೇಲ್‌ಗೆ ಬಿದ್ದ ಮೇಲೆ ನೆನೆಸಿದ ಕಡಲೆಯ ಹಾಗೆ ಊದಿಕೊಳ್ಳುತ್ತದಂತೆ. ಚಿತ್ರವನ್ನು ಅಕ್ಷರಗಳಾಗಿ ಬಿಡಿಸಿ ಸಾಗಿಸುವುದರಿಂದ ಗಾತ್ರ ಮೂರನೇ ಒಂದು ಪಾಲು ಹೆಚ್ಚು. ಒಂದು ಹಸು, ಹದಿನಾಲ್ಕು ಸಲ, ಊದಿಕೊಂಡು, ನನ್ನ ಡಬ್ಬಿಯಲ್ಲಿ ಮಲಗಿತ್ತು.

ಅಳಿಸಲು ಕೂತೆ. ಅಳಿಸುವ ಮುನ್ನ ಓದಬೇಡವೇ? 2012ರ ಗ್ಯಾಸ್ ಬುಕಿಂಗ್ ರಸೀದಿ: ಇರಲಿ, ಯಾವಾಗಲಾದರೂ ಕೇಳಿದರೆ? ರದ್ದು ಮಾಡಿದ ರೈಲು ಟಿಕೆಟ್: ಇರಲಿ, ಆ ಪ್ರಯಾಣ ಮಾಡಲಿಲ್ಲವೆಂಬುದಕ್ಕೆ ಸಾಕ್ಷಿ. ಹತ್ತೇ ನಿಮಿಷ ಆಯಸ್ಸಿದ್ದ ಓಟಿಪಿಯೊಂದನ್ನು ಹನ್ನೊಂದು ವರ್ಷ ಸಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಸುವನ್ನೂ ಸೇರಿಸಿ ಒಂದು ರಾಶಿ ಅಳಿಸಿ, ಹೆಮ್ಮೆಯಿಂದ ಲೆಕ್ಕ ನೋಡಿದರೆ ಕೆಂಪು ಪಟ್ಟಿ ಇದ್ದಲ್ಲೇ ಇದೆ.

“ಟ್ರ್ಯಾಶ್ ಖಾಲಿ ಮಾಡಿದೆಯಾ?” ಅಂದಳು ಮಗಳು. “ಅಲ್ಲಿರೋದೂ ಲೆಕ್ಕಕ್ಕೆ ಬರತ್ತೆ.”

“ಅದು ಅವರ ಅಭ್ಯಾಸ ಕಣೆ,” ಒಳಗಿಂದ ಹೆಂಡತಿಯ ದನಿ. “ದೀಪಾವಳಿಗೆ ಅಟ್ಟ ಖಾಲಿ ಮಾಡ್ತೀನಿ ಅಂತ ನಲವತ್ತು ಹಾರ್ಲಿಕ್ಸ್ ಬಾಟಲಿ ಇಳಿಸಿ ವರಾಂಡದಲ್ಲಿ ಇಟ್ಟರಲ್ಲ. ಆಮೇಲೆ ಮಳೆ ಬರತ್ತೆ ಅಂತ ವಾಪಸ್ ಅಟ್ಟಕ್ಕೆ ಹತ್ತಿಸಿದರು.”

ಕಣ್ಣುಮುಚ್ಚಿ ಟ್ರ್ಯಾಶ್ ಖಾಲಿ ಮಾಡಿದೆ. ಹಸು ಹೋಯಿತು, ರೈಲು ಹೋಯಿತು, ಓಟಿಪಿಗೆ ಮುಕ್ತಿ ಸಿಕ್ಕಿತು. ಪಟ್ಟಿಯ ಕೆಂಪು ಇಳಿಯಿತು. ಮೈ ಹಗುರಾದಂತಾಗಿ, ಬಂಧುಬಳಗಕ್ಕೆಲ್ಲ, ಈ ಸಲ ಒಟ್ಟಿಗೇ, ಒಂದು ಪತ್ರ ಬರೆದೆ: ನನ್ನ ಡಬ್ಬಿಯಲ್ಲಿ ಈಗ ಜಾಗವಿದೆ, ಎಲ್ಲರೂ ಬರೆಯಿರಿ.

ಸಂಜೆಯಾದರೂ ಒಂದೇ ಒಂದು ಉತ್ತರ ಬರಲಿಲ್ಲ. ಹೋಗಿದೆಯೋ ಇಲ್ಲವೋ ನೋಡೋಣವೆಂದು ಹೆಂಡತಿಯ ಫೋನು ಇಸಿದುಕೊಂಡೆ. ಇನ್‌ಬಾಕ್ಸಿನಲ್ಲಿ ನನ್ನ ಪತ್ರವಿಲ್ಲ. ಸ್ಪ್ಯಾಮ್ ತೆರೆದೆ. ಅಲ್ಲಿತ್ತು, ಕೋಟ್ಯಧೀಶ ವಿಧವೆಗೂ ಬೋಳುತಲೆಯ ಎಣ್ಣೆಗೂ ನಡುವೆ. ಅದರ ಕೆಳಗೆ ಈ ತಿಂಗಳು ನಾನು ಅವಳಿಗೆ ಕಳಿಸಿದ ಸುಭಾಷಿತಗಳು, ಆರೋಗ್ಯ ಸೂತ್ರಗಳು, ಇನ್ನೂ ಅಚ್ಚಾಗದ ಎರಡು ಹಾಸ್ಯ ಲೇಖನಗಳು.

“ನೋಡೇ, ಈ ಕಂಪ್ಯೂಟರಿಗೆ ಬುದ್ಧಿ ಇಲ್ಲ. ನಿನ್ನ ಗಂಡನನ್ನೇ ಸ್ಪ್ಯಾಮ್ ಮಾಡಿದೆ.”

“ಅದು ಕಂಪ್ಯೂಟರ್ ಮಾಡಿದ್ದಲ್ಲ,” ಅಂದಳು, ಸಾರಿನ ಪಾತ್ರೆ ಇಳಿಸುತ್ತ. “ನೀವೇನೋ ಅಳಿಸಲ್ಲ. ಅಲ್ಲಿ ಹಾಕಿದರೆ ಮೂವತ್ತು ದಿನಕ್ಕೆ ತಾನಾಗೇ ಹೋಗತ್ತೆ.”