ಜಾರುಮೀಮಾಂಸೆ ಅಥವಾ ಸೊಲ್ಲಾಪುರ ಪ್ರಾಂತ್ಯದಲ್ಲಿ ಕಾರು ಜಾರಿಸುವ ಶಾಸ್ತ್ರ

ಕಾರು ಸಂಘದವರು ಸದಸ್ಯರನ್ನೆಲ್ಲ ಒಂದು ನುಣುಪು ಅಂಗಳಕ್ಕೆ ಕರೆದೊಯ್ದು, ಅದರ ಮೇಲೆ ನೀರು ಹರಿಸಿ, ಬೇಕೆಂದೇ ಗಾಡಿ ಜಾರಿಸಿ, ಜಾರಿದ್ದನ್ನು ತಿದ್ದಲು ಕಲಿಸುವ ವಿಧಿಯುಂಟು. ಆ ಅಂಗಳಕ್ಕೆ ಸ್ಕಿಡ್ ಪ್ಯಾನ್ ಎಂದು ಹೆಸರು. ಲಂಡನ್ನಿನ ಚಿಸ್ವಿಕ್ ಕಾರ್ಯಾಗಾರದಲ್ಲಿ ಎರಡಂತಸ್ತಿನ ಬಸ್ಸುಗಳನ್ನೇ ಹೀಗೆ ಜಾರಿಸಿ ಡ್ರೈವರುಗಳನ್ನು ಪಳಗಿಸುತ್ತಿದ್ದರು. ಈ ವಿಧಿಯನ್ನು ಸೊಲ್ಲಾಪುರ-ಅಕ್ಕಲಕೋಟೆಗಳ ನಡುವೆ ನಡೆಸಲು ಬಂದೀತೆ, ಬಂದರೆ ಯಾವ ಮಳೆಯಲ್ಲಿ, ಯಾರ ನೀರಿನಲ್ಲಿ ಎಂಬುದು ಪ್ರಸ್ತುತ ಗ್ರಂಥದ ವಿಷಯ. ಅಧಿಕಾರಿ, ಲೈಸೆನ್ಸ್ ಉಳ್ಳವನು. ಪ್ರಯೋಜನ, ಸಂಜೆ ಮನೆ ಸೇರುವುದು. ಸಂಬಂಧ, ಟೈರಿಗೂ ರಸ್ತೆಗೂ ಇರತಕ್ಕದ್ದು. ಅದು ಕಡಿದಲ್ಲಿಂದ ಶಾಸ್ತ್ರಾರಂಭ.

ಜಾರಿಕೆ ದ್ವಿವಿಧ. ಮುಂದಿನ ಗಾಲಿ ಹಿಡಿತ ಬಿಟ್ಟರೆ ಗಾಡಿ ಸ್ಟೇರಿಂಗಿನ ಮಾತು ಕೇಳದೆ ನೆಟ್ಟಗೆ ಹೊಲಕ್ಕೆ ನಡೆಯುತ್ತದೆ. ಹಿಂದಿನ ಗಾಲಿ ಬಿಟ್ಟರೆ ಬಾಲವೇ ತಲೆಯನ್ನು ಹಿಂದೆ ಹಾಕಲು ಹೊರಡುತ್ತದೆ. ಎರಡನೆಯದಕ್ಕೆ ಪರಿಹಾರವೆಂದರೆ ಹಿಂಭಾಗ ಯಾವ ಕಡೆ ಜಾರಿತೋ ಆ ಕಡೆಗೇ ಸ್ಟೇರಿಂಗ್ ತಿರುಗಿಸುವುದು, ಬ್ರೇಕಿನಿಂದ ಕಾಲು ತೆಗೆಯುವುದು, ಹೋಗಬೇಕಾದ ಕಡೆ ನೋಡುವುದು. ಇದು ಬುದ್ಧಿಗೆ ವಿರುದ್ಧವೆಂದು ಪರದೇಶದ ಶಿಕ್ಷಕರು ತಾಸುಗಟ್ಟಲೆ ಬೋಧಿಸುತ್ತಾರೆ. ಸೊಲ್ಲಾಪುರದವರಿಗೆ ಬೋಧನೆ ಬೇಕಿಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಸಿದ್ಧರಾಮೇಶ್ವರನ ಏಳು ನಂದಿಕೋಲುಗಳು ಹೊರಡುತ್ತವೆ. ಕೋಲು ಎಡಕ್ಕೆ ವಾಲಿದಾಗ ಹೊತ್ತವನು ಬಲಕ್ಕೆ ಜಗ್ಗುವುದಿಲ್ಲ. ಎಡಕ್ಕೇ ಹೆಜ್ಜೆ ಹಾಕಿ ಅದರ ಬುಡಕ್ಕೆ ಹೋಗಿ ನಿಲ್ಲುತ್ತಾನೆ. ಅದೇ ಭಕ್ತ ಕಾರಿನಲ್ಲಿ ಕೂತ ಕೂಡಲೇ ಇದನ್ನೆಲ್ಲ ಮರೆತು ಎರಡೂ ಕಾಲಿನಿಂದ ಬ್ರೇಕ್ ಒತ್ತುವುದೇಕೆ ಎಂಬುದು ಬೇರೆ ಗ್ರಂಥಕ್ಕೆ ತಕ್ಕ ಪ್ರಶ್ನೆ.

ಪೂರ್ವಪಕ್ಷಿ ಕೇಳುತ್ತಾನೆ: 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆಯಲ್ಲ, ಇನ್ನು ಶಿಬಿರವೇಕೆ? ಉತ್ತರ: ಎಬಿಎಸ್ ಗಾಲಿ ಬಿಗಿಯದಂತೆ ಕಾಯುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಒಣ ಡಾಂಬರಿನ ಘರ್ಷಣಾಂಕ ಸುಮಾರು 0.7. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ 20 ಮೀಟರಿನಲ್ಲಿ ಗಾಡಿ ನಿಂತೀತು. ಅಂಕ 0.3ಕ್ಕೆ ಇಳಿದರೆ 47 ಮೀಟರ್ ಬೇಕು. ಈ ಲೆಕ್ಕದಲ್ಲಿ ಗಾಡಿಯ ತೂಕ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. “ನಮ್ಮದು ದೊಡ್ಡ ಗಾಡಿ, ಜಾರೂದಿಲ್ಲ” ಎನ್ನುವ ಸದಸ್ಯರಿಗೆ ಇದನ್ನು ಎರಡು ಸಲ ಓದಿ ಹೇಳತಕ್ಕದ್ದು.

ಸ್ಥಳನಿರ್ಣಯ. ವಾಹನ ಪರೀಕ್ಷಾ ಮೈದಾನಗಳಲ್ಲಿ ಜಾರುಪಟ್ಟಿಗೆ ಬಸಾಲ್ಟ್ ಹಾಸುಗಲ್ಲು ಕೂಡಿಸಿ ನೀರು ಬಿಡುತ್ತಾರೆ. ದಖನ್ನಿಗೆ ಬಸಾಲ್ಟ್ ಹಾಸಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ. ಟೆಂಡರ್ ಇರಲಿಲ್ಲ, ಆದ್ದರಿಂದ ಕೆಲಸ ಗಟ್ಟಿಯಾಗಿದೆ. ಹಾಸಿದ ಮೇಲೆ ನಿಸರ್ಗವೇ ಅದನ್ನು ಅರೆದು ಎರಿಮಣ್ಣು ಮಾಡಿ ನಾಗಣಸೂರು, ಮೈಂದರ್ಗಿ, ದುಧನಿಗಳ ತನಕ ಹರವಿತು. ಹೀಗಾಗಿ ಅಂಗಳ ಸಿದ್ಧವಿದೆ. ಸವೆದ ಟೈರುಗಳ ಮೇಲೆ ಅಭ್ಯಾಸ ಚೆನ್ನಾಗಿ ಆಗುತ್ತದೆಂದು ಶಾಸ್ತ್ರ ಹೇಳುತ್ತದೆ. ಅದಕ್ಕೂ ಈ ಭಾಗದಲ್ಲಿ ಹೊಸ ಖರ್ಚು ಬರುವುದಿಲ್ಲ.

ಉಳಿದದ್ದು ನೀರು. ಇಲ್ಲಿಯೇ ಗ್ರಂಥಕಾರನ ಪೆನ್ನು ಜಾರುತ್ತದೆ. ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಅಂಗಳಕ್ಕೆ ಒಂದೇ ಮಿಲಿಮೀಟರ್ ದಪ್ಪ ನೀರು ನಿಲ್ಲಿಸಲು 5,000 ಲೀಟರ್ ಬೇಕು. ಮೇ ತಿಂಗಳಾದರೆ ಬಿಸಿಲು ತನ್ನ ಪಾಲು ಮೊದಲೇ ಎತ್ತಿಕೊಳ್ಳುತ್ತದೆ. ಊರಿನ ನೀರಾದರೋ ಭೀಮೆಯ ಉಜನಿ ಅಣೆಕಟ್ಟಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಬರತಕ್ಕದ್ದು. ನಳ ದಿನಬಿಟ್ಟು ದಿನವಲ್ಲ, ದಿನಗಳನ್ನೇ ಬಿಟ್ಟು ಬರುತ್ತದೆ. ಇಂಥಲ್ಲಿ ಟ್ಯಾಂಕರ್ ತರಿಸಿ ಅಂಗಳಕ್ಕೆ ನೀರು ಬಿಡುತ್ತೇವೆಂದು ಸಂಘದ ಕಾರ್ಯದರ್ಶಿ ಘೋಷಿಸಿದನೆನ್ನಿ. ಟ್ಯಾಂಕರಿನ ಹಿಂದೆ ಕಾರುಗಳಿಗಿಂತ ಮುಂಚೆ ಕೊಡಗಳು ಸಾಲು ಹಚ್ಚುತ್ತವೆ. ಮೀಮಾಂಸಕರ ಮತದಂತೆ ನಿತ್ಯಕರ್ಮವನ್ನು ಬಿಡುವಂತಿಲ್ಲ, ಕಾಮ್ಯಕರ್ಮ ಬಯಸಿದವನಿಗೆ ಮಾತ್ರ. ಕುಡಿಯುವುದು ನಿತ್ಯ, ಜಾರುವುದು ಕಾಮ್ಯ. “ಮೊದಲ ಕೊಡ ತುಂಬಲಿ, ಆಮ್ಯಾಲೆ ನಿಮ್ಮ ಆಟ” ಎಂದು ಮುಂದಿನ ಕೊಡದ ಒಡತಿ ನುಡಿದದ್ದೇ ಸೂತ್ರ. ಅದಕ್ಕೆ ಭಾಷ್ಯ ಬರೆಯಲು ಕಾರ್ಯದರ್ಶಿಗೆ ಧೈರ್ಯವಾಗಲಾರದು.

ನೀರಿಲ್ಲದ ಜಾರಿಕೆಯನ್ನೂ ಪರಿಶೀಲಿಸಲಾಗಿದೆ. ಸುಗ್ಗಿಯಲ್ಲಿ ರೈತರು ತೊಗರಿಯನ್ನು ಡಾಂಬರು ರಸ್ತೆಗೇ ಹರವುತ್ತಾರೆ; ಹೋಗಿ ಬರುವ ಗಾಡಿಗಳೇ ಅದನ್ನು ಒಕ್ಕಿ ಕೊಡುತ್ತವೆ. ಒಣಕಟ್ಟಿಗೆಯ ಮೇಲೆ ಬ್ರೇಕ್ ಹಾಕಿದವನಿಗೆ ಘರ್ಷಣಾಂಕದ ಪಾಠ ತಾನಾಗಿ ಆಗುತ್ತದೆ, ರಾಶಿಯೂ ಆಗುತ್ತದೆ. ಆದರೆ ಅದೇ ತಿಂಗಳಲ್ಲಿ ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರಾಲಿ ಕಟ್ಟಿಕೊಂಡು ದೀಪವಿಲ್ಲದೆ ಬರುವುದರಿಂದ ಈ ಪಕ್ಷ ತ್ಯಾಜ್ಯ. ಗುರುವಾರವೂ ತ್ಯಾಜ್ಯ: ಅಂದು ಪುಣೆ, ಮುಂಬಯಿಯ ಕಾರುಗಳೆಲ್ಲ ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟೆಯ ದಾರಿ ಹಿಡಿದಿರುತ್ತವೆ.

ಭಾಷಾವಿಚಾರವನ್ನು ಬಿಡುವಂತಿಲ್ಲ. ಗಂಟೆಗೆ 40 ಕಿಲೋಮೀಟರಿನಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಶಿಕ್ಷಕ ಮರಾಠಿಯಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ, ದಖನಿಯಲ್ಲಿ ಒಂದೊಂದು ಸಲ ಕೂಗಿ ಮುಗಿಸುವಷ್ಟರಲ್ಲಿ 44 ಮೀಟರ್ ಆಯಿತು. ಮಹಾಜನ ಆಯೋಗ ತನ್ನ 1967ರ ವರದಿಯಲ್ಲಿ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲೆಂದಿತು, ಸೇರಲಿಲ್ಲ. ಆದಕಾರಣ ದುಧನಿಯಾಚೆ ಜಾರಲು ತೊಡಗಿದ ಕಾರು ಗಡಿಯಾಚೆ ಹೋಗಿ ನಿಂತರೆ ಪ್ರಮಾಣಪತ್ರ ಕೊಡತಕ್ಕವರು ಯಾರೆಂಬುದು ಇತ್ಯರ್ಥವಾಗದೆ ಉಳಿಯುತ್ತದೆ.

ಕೊನೆಗೆ ಸಿದ್ಧಾಂತ: ಹಸ್ತಾ ಮಳೆಗೆ ಕಾಯುವುದು. ನೀರಿಗೆ ದುಡ್ಡಿಲ್ಲ, ಕೊಡಗಳ ತಕರಾರೂ ಇಲ್ಲ. ಒಂದೇ ಅಡಚಣೆಯೆಂದರೆ, ನೆನೆದ ಎರಿಮಣ್ಣು ನಾಲ್ಕು ಹೆಜ್ಜೆ ಜಾರಿಸಿ, ಆಮೇಲೆ ಉಬ್ಬಿ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು, ಗಾಡಿಯನ್ನು ನಿಂತಲ್ಲೇ ಹಿಡಿಯುತ್ತದೆ. ಇದನ್ನು ಬಲ್ಲ ಟ್ರ್ಯಾಕ್ಟರಿನವನು ಬೆಳಿಗ್ಗೆಯಿಂದಲೇ ಬದುವಿನ ಮೇಲೆ ಹಗ್ಗ ಹಿಡಿದು ಕೂತಿರುತ್ತಾನೆ. ಸಣ್ಣ ಕಾರಿಗೆ ಒಂದು ದರ, ದೊಡ್ಡ ಗಾಡಿಗೆ ಅದರ ದುಪ್ಪಟ್ಟು. ಅವನ ಲೆಕ್ಕದಲ್ಲಿ ತೂಕ ಹೊಡೆದುಹೋಗುವುದಿಲ್ಲ.